ವಿಚಾರಕ್ಕೆ ಒಡೆಯರುಂಟೆ?

ಹೊಲ, ಮನೆ, ದನಕರು, ಪಾತ್ರೆಪಡಗ ಇವುಗಳನ್ನು ನಾವು ಸ್ವತ್ತು ಎಂದು ಕರೆಯುತ್ತೇವೆ. ಇವುಗಳಿಗೆ ಒಡೆಯನೊಬ್ಬನಿರಬೇಕೆಂಬುದರಲ್ಲಿ ಯಾರಿಗೂ ಹೆಚ್ಚಿನ ಸಂದೇಹವಿಲ್ಲ. ಒಂದು ಎಕರೆ ಹೊಲದಲ್ಲಿ ಒಬ್ಬನು ರಾಗಿ ಬಿತ್ತಿದರೆ ಅದೇ ಕಾಲದಲ್ಲಿ ಇನ್ನೊಬ್ಬನು ಅಲ್ಲಿ ಕಬ್ಬು ನೆಡುವಂತಿಲ್ಲ; ಹಸುವಿನ ಹಾಲನ್ನು ಒಬ್ಬನು ಕರೆದುಕೊಂಡನೆಂದರೆ ಆ ಹಾಲು ಮತ್ತೊಬ್ಬನಿಗೆ ದೊರೆಯುವುದಿಲ್ಲ. ಪದಾರ್ಥವು ಒಂದು, ಬೇಕೆನ್ನುವವರು ಹಲವರು. ಆದುದರಿಂದಲೇ ‘ಇದು ಇಂಥವನದು’ ಎಂದು ಗೆರೆ ಎಳೆದು ಕಲಹವನ್ನು ತಪ್ಪಿಸುವ ಏರ್ಪಾಟನ್ನು ಎಲ್ಲ ಸಮಾಜಗಳೂ ಮಾಡಿಕೊಂಡಿವೆ.

ವಿಚಾರದ ಸ್ವಭಾವವೇ ಬೇರೆ. ಪಾಠಶಾಲೆಯ ಒಂದು ತರಗತಿಯಲ್ಲಿ ನಲವತ್ತು ಮಂದಿ ಪೈಥಾಗೊರಸನ ಪ್ರಮೇಯವನ್ನು ಕಲಿತರೆ ಒಬ್ಬೊಬ್ಬರಿಗೆ ನಲವತ್ತನೆಯ ಒಂದು ಪಾಲು ಮಾತ್ರ ಬರುವುದಿಲ್ಲ; ಪ್ರತಿಯೊಬ್ಬನಿಗೂ ಪ್ರಮೇಯವು ಪೂರ್ಣವಾಗಿಯೇ ದೊರೆಯುತ್ತದೆ. ಕಲಿಸಿದ ಉಪಾಧ್ಯಾಯರಲ್ಲಿಯೂ ಅದು ಕಡಮೆಯಾಗುವುದಿಲ್ಲ. ನೆರೆಮನೆಯವರು ಹೆಪ್ಪಿಗೆಂದು ಒಂದು ಚಮಚ ಮೊಸರನ್ನು ಕೇಳಿ ಒಯ್ಯುವುದುಂಟಷ್ಟೆ. ಅವರಲ್ಲಿ ಗಡಿಗೆ ತುಂಬ ಮೊಸರಾಗುತ್ತದೆ. ನಮ್ಮಲ್ಲಿ ಕಡಮೆಯಾಗುವುದು ಒಂದು ಚಮಚ. ವಿಚಾರದಲ್ಲಾದರೋ ಆ ಒಂದು ಚಮಚವೂ ಕಡಮೆಯಾಗದು. ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಮ್ಮ ಹಿರಿಯರು ಹೇಳಿದುದರ ತಾತ್ಪರ್ಯವೂ ಇದೇ.

ಹೀಗಿದ್ದರೂ ಇಂದಿನ ಕಾನೂನು ಯಂತ್ರಗಳ ಕಲ್ಪನೆ, ಔಷಧಗಳ ರಚನೆ, ಗ್ರಂಥ, ಗೀತೆ, ಚಲನಚಿತ್ರ, ಕಂಪ್ಯೂಟರಿನ ತಂತ್ರಾಂಶ ಇವೆಲ್ಲವನ್ನೂ ‘ಬೌದ್ಧಿಕ ಸ್ವತ್ತು’ ಎಂಬ ಒಂದೇ ಹೆಸರಿನ ಕೆಳಗೆ ಸೇರಿಸಿ ಅವಕ್ಕೆ ಒಡೆಯರನ್ನು ನೇಮಿಸುತ್ತದೆ. ಇದು ನ್ಯಾಯವೆ? ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ರೋಗಿಗೆ ಔಷಧವು ಯಾವ ಬೆಲೆಗೆ ದೊರೆಯಬೇಕು, ವಿದ್ಯಾರ್ಥಿಯು ಪಠ್ಯದ ಯಾವ ಭಾಗವನ್ನು ಪ್ರತಿ ಮಾಡಿಕೊಳ್ಳಬಹುದು ಎಂಬುವು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ.

ಗುಟ್ಟಿನ ಪೆಟ್ಟಿಗೆ

ವಿಚಾರಕ್ಕೆ ಒಡೆತನವೇ ಬೇಡ, ಎಲ್ಲವೂ ಎಲ್ಲರದಾಗಲಿ ಎಂದುಬಿಡುವುದು ಸುಲಭ. ಆದರೆ ಕಾನೂನಿನ ರಕ್ಷಣೆಯಿಲ್ಲದೆ ಹೋದಲ್ಲಿ ಹೊಸತನ್ನು ಕಂಡುಹಿಡಿದವನು ಅದನ್ನು ಎಲ್ಲರಿಗೂ ಹಂಚಿಬಿಡುವನೆಂದು ಹೇಳಲಾಗದು. ಅವನು ಅದನ್ನು ಮುಚ್ಚಿಡಲೂಬಹುದು.

ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದ ಕಥೆ ಇದಕ್ಕೆ ನಿದರ್ಶನ. ಫ್ರಾನ್ಸಿನಿಂದ ೧೫೬೯ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದ ಈ ಮನೆತನದವರು ಹೆರಿಗೆ ಮಾಡಿಸುವುದರಲ್ಲಿ ಹೆಸರಾಗಿದ್ದರು. ಮಗುವು ದಾರಿಯಲ್ಲಿಯೇ ಸಿಕ್ಕಿಕೊಂಡು ತಾಯಿ ಮಕ್ಕಳಿಬ್ಬರಿಗೂ ಪ್ರಾಣಾಪಾಯವಾಗುವ ಸಂದರ್ಭಗಳಲ್ಲಿ ಶಿಶುವಿನ ತಲೆಯನ್ನು ಮೃದುವಾಗಿ ಹಿಡಿದು ಹೊರತರುವ ಇಕ್ಕುಳವೊಂದನ್ನು ಅವರು ರಚಿಸಿದ್ದರು. ಆ ಇಕ್ಕುಳವನ್ನು ಅವರು ಯಾರಿಗೂ ತೋರಿಸಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಿದ್ದರೆಂದೂ, ಬಾಣಂತಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರೆಂದೂ ಹೇಳುವುದುಂಟು. ನೂರು ವರ್ಷಗಳಿಗೂ ಮೀರಿ, ತಲೆಮಾರಿನಿಂದ ತಲೆಮಾರಿಗೆ, ಗುಟ್ಟು ಮನೆಯೊಳಗೇ ಉಳಿಯಿತು. ಇಂಥ ಇಕ್ಕುಳಗಳ ವಿವರಣೆ ಗ್ರಂಥಗಳಲ್ಲಿ ಪ್ರಕಟವಾದುದು ೧೭೩೦ರ ದಶಕದಲ್ಲಿ. ಚೇಂಬರ್ಲೆನ್ನರ ಮೂಲ ಉಪಕರಣಗಳು ಎಸೆಕ್ಸ್ ಪ್ರಾಂತದ ಅವರ ಹಳೆಯ ಮನೆಯೊಂದರ ಅಟ್ಟದ ಹಲಗೆಗಳ ಕೆಳಗೆ ದೊರೆತುದು ೧೮೧೩ರಲ್ಲಿ.

ಆ ನೂರು ವರ್ಷಗಳಲ್ಲಿ ಎಷ್ಟು ತಾಯಂದಿರು, ಎಷ್ಟು ಶಿಶುಗಳು ಬದುಕಬಹುದಾಗಿದ್ದಿತೋ ಎಣಿಸಿದವರಿಲ್ಲ. ಗುಟ್ಟು ಎಂಬುದು ಕೊನೆಯ ದಿನವೇ ಇಲ್ಲದ ಒಡೆತನ. ಕಾನೂನು ಕೊಡುವ ಯಾವ ಒಡೆತನಕ್ಕಿಂತಲೂ ಅದು ಕಠೋರವಾದುದು.

ಬಹಿರಂಗ ಪತ್ರದ ಒಪ್ಪಂದ

ಗುಟ್ಟನ್ನು ಹೊರತರುವ ಉಪಾಯವಾಗಿ ಪೇಟೆಂಟಿನ ಪದ್ಧತಿಯು ಬೆಳೆಯಿತು. ಪೇಟೆಂಟು ಎಂಬ ಶಬ್ದಕ್ಕೆ ಮೂಲದಲ್ಲಿ ‘ತೆರೆದಿರುವುದು’ ಎಂದು ಅರ್ಥ. ಎಲ್ಲರೂ ಓದಲೆಂದು ಮುಚ್ಚದೆ ಕೊಡುತ್ತಿದ್ದ ರಾಜಪತ್ರಕ್ಕೆ ಆ ಹೆಸರು ಬಂದಿತು. ವೆನಿಸ್ ಗಣರಾಜ್ಯವು ೧೪೭೪ರಲ್ಲಿ ಮಾಡಿದ ಕಾನೂನಿನಂತೆ, ಆ ರಾಜ್ಯದಲ್ಲಿ ಹಿಂದೆ ಇಲ್ಲದ ಜಾಣ್ಮೆಯ ಉಪಕರಣವೊಂದನ್ನು ರಚಿಸಿ ಅಧಿಕಾರಿಗಳಿಗೆ ತಿಳಿಸಿದವನ ಅನುಮತಿಯಿಲ್ಲದೆ ಹತ್ತು ವರ್ಷಗಳವರೆಗೆ ಬೇರೆ ಯಾರೂ ಅದನ್ನು ಮಾಡುವಂತಿರಲಿಲ್ಲ.

ಇಂಗ್ಲೆಂಡಿನಲ್ಲಿ ಈ ಪದ್ಧತಿಯು ಮೊದಲು ಕೆಟ್ಟ ಹಾದಿ ಹಿಡಿಯಿತು. ಅರಸರು ತಮಗೆ ಬೇಕಾದವರಿಗೆ ಉಪ್ಪು, ಇಸ್ಪೀಟಿನ ಎಲೆ ಮುಂತಾದ ಸಾಮಾನ್ಯ ಸರಕುಗಳ ಮೇಲೂ ಏಕಸ್ವಾಮ್ಯವನ್ನು ದಯಪಾಲಿಸತೊಡಗಿದರು. ಜನರ ಅಸಮಾಧಾನವು ಹೆಚ್ಚಲು ಪಾರ್ಲಿಮೆಂಟು ೧೬೨೪ರಲ್ಲಿ ಕಾನೂನು ಮಾಡಿ ಅಂಥ ಏಕಸ್ವಾಮ್ಯಗಳನ್ನು ತೆಗೆದುಹಾಕಿತು. ಆದರೆ ಹೊಸದಾಗಿ ಕಂಡುಹಿಡಿದ ವಸ್ತುವಿಗೆ ಮಾತ್ರ, ೧೪ ವರ್ಷಗಳ ಅವಧಿಗೆ, ವಿನಾಯಿತಿಯನ್ನು ಉಳಿಸಿತು.

ಮುಂದೆ ಬೆಳೆದ ಪದ್ಧತಿಯ ತಿರುಳನ್ನು ಹೀಗೆ ಹೇಳಬಹುದು. ಸಮಾಜವು ಶೋಧಕನೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತದೆ: ‘ನಿನ್ನ ಗುಟ್ಟನ್ನು ಬಲ್ಲವರು ಓದಿ ತಾವೂ ಮಾಡಬಲ್ಲಂತೆ ಪೂರ್ತಿಯಾಗಿ ಬರೆದು ಕೊಡು. ಪ್ರತಿಫಲವಾಗಿ ಕೆಲವು ವರ್ಷ ಇತರರನ್ನು ನಾವು ತಡೆಯುತ್ತೇವೆ. ಅವಧಿ ತೀರಿದ ಮೇಲೆ ಅದು ಎಲ್ಲರದು.’ ಇಂದು ಬಹುಪಾಲು ದೇಶಗಳಲ್ಲಿ ಈ ಅವಧಿಯು ಅರ್ಜಿ ಸಲ್ಲಿಸಿದ ದಿನದಿಂದ ೨೦ ವರ್ಷ.

ಒಪ್ಪಂದವೆಂದ ಮೇಲೆ ಶೋಧಕನು ಕೊಡುವ ವಸ್ತು ನಿಜವಾಗಿಯೂ ಹೊಸದಾಗಿರಬೇಕು. ಜನರಲ್ಲಿ ಆಗಲೇ ಇರುವುದನ್ನು ಜನರಿಗೇ ಕೊಟ್ಟು ಪ್ರತಿಫಲ ಕೇಳುವಂತಿಲ್ಲ. ಗಾಯಕ್ಕೆ ಅರಿಸಿನದ ಪುಡಿ ಹಚ್ಚುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ವಿಷಯ. ಆದರೂ ಗಾಯವನ್ನು ವಾಸಿಮಾಡಲು ಅರಿಸಿನವನ್ನು ಬಳಸುವ ವಿಧಾನಕ್ಕೆ ೧೯೯೫ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು ಇದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳ ಹಾಗೂ ಪತ್ರಿಕೆಗಳ ಆಧಾರಗಳನ್ನು ಮುಂದಿಟ್ಟಿತು. ೧೯೯೭ರಲ್ಲಿ ಆ ಪೇಟೆಂಟು ರದ್ದಾಯಿತು.

ಜೇಮ್ಸ್ ವಾಟನ ಮೂವತ್ತೊಂದು ವರ್ಷ

ಒಪ್ಪಂದವು ಒಳ್ಳೆಯದೆಂದು ಒಪ್ಪಿದರೂ ಅವಧಿ ಎಷ್ಟಿರಬೇಕೆಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ತಿಳಿಯಲು ಉಗಿಯಂತ್ರದ ಚರಿತ್ರೆಯನ್ನು ನೋಡೋಣ.

ಜೇಮ್ಸ್ ವಾಟನಿಗೆ ಮುಂಚೆ ಗಣಿಗಳ ನೀರನ್ನು ಎತ್ತಲು ಬಳಕೆಯಲ್ಲಿದ್ದುದು ನ್ಯೂಕೊಮೆನ್ನನ ಯಂತ್ರ. ಅದರಲ್ಲಿ ಉಗಿಯನ್ನು ಸಿಲಿಂಡರಿಗೆ ತುಂಬಿ, ಅಲ್ಲಿಯೇ ತಣ್ಣೀರು ಚಿಮ್ಮಿಸಿ ಅದನ್ನು ನೀರಾಗಿಸುತ್ತಿದ್ದರು. ಒಳಗೆ ಉಂಟಾದ ಶೂನ್ಯದೊಳಕ್ಕೆ ಹೊರಗಿನ ಗಾಳಿಯ ಒತ್ತಡವು ಪಿಸ್ಟನ್ನನ್ನು ನೂಕುತ್ತಿದ್ದಿತು. ಪ್ರತಿ ಸಲವೂ ಸಿಲಿಂಡರು ತಣ್ಣಗಾಗಿ, ಮತ್ತೆ ಕಾಯಬೇಕಾಗಿದ್ದುದರಿಂದ ಕಲ್ಲಿದ್ದಲು ಅಪಾರವಾಗಿ ವ್ಯರ್ಥವಾಗುತ್ತಿದ್ದಿತು. ಉಗಿಯನ್ನು ಬೇರೊಂದು ಪಾತ್ರೆಗೆ ಒಯ್ದು ತಂಪುಗೊಳಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಇರುವುದಲ್ಲವೆ? ಇದೇ ವಾಟನ ವಿಚಾರ. ೧೭೬೯ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಆದರೆ ಯಂತ್ರವನ್ನು ತಯಾರಿಸಿ ಮಾರಲು ಬೇಕಾದ ಬಂಡವಾಳ ಅವನಲ್ಲಿರಲಿಲ್ಲ. ೧೭೭೫ರಲ್ಲಿ ಪಾರ್ಲಿಮೆಂಟು ಅವನ ಹಕ್ಕನ್ನು ೧೮೦೦ರವರೆಗೆ ವಿಸ್ತರಿಸಿತು. ಶ್ರೀಮಂತ ಕಾರ್ಖಾನೆದಾರನಾದ ಮ್ಯಾಥ್ಯೂ ಬೋಲ್ಟನ್ನನು ಧೈರ್ಯವಾಗಿ ಹಣ ತೊಡಗಿಸಲು ಈ ದೀರ್ಘಾವಧಿಯೇ ಆಧಾರವಾಯಿತು. ಪೇಟೆಂಟಿನ ಪರವಾಗಿ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ.

ಇನ್ನು ಇದೇ ಕಥೆಯ ಮತ್ತೊಂದು ಮುಖ. ಹಳೆಯ ಯಂತ್ರಕ್ಕೆ ಹೋಲಿಸಿದಾಗ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಬೋಲ್ಟನ್ ಮತ್ತು ವಾಟ್ ಗಣಿಗಳಿಂದ ವಸೂಲು ಮಾಡುತ್ತಿದ್ದರು. ಜೋನಥನ್ ಹಾರ್ನ್‌ಬ್ಲೋವರನು ಎರಡು ಸಿಲಿಂಡರುಗಳ ಸುಧಾರಿತ ಯಂತ್ರವನ್ನು ರಚಿಸಿದಾಗ ವಾಟನ ಪೇಟೆಂಟು ಅದಕ್ಕೆ ಅಡ್ಡಬಂದಿತು. ವಿನೋದವೆಂದರೆ ವಾಟನೂ ಇಂಥ ಬೇಲಿಗೆ ಸಿಕ್ಕಿಕೊಂಡವನೇ. ಪಿಸ್ಟನ್ನಿನ ಹಿಂದುಮುಂದಿನ ಚಲನೆಯನ್ನು ಚಕ್ರದ ತಿರುಗಾಟವಾಗಿ ಮಾರ್ಪಡಿಸಲು ಕ್ರ್ಯಾಂಕಿಗಿಂತ ಸರಳವಾದ ಸಾಧನವಿಲ್ಲ. ಆದರೆ ಉಗಿಯಂತ್ರದಲ್ಲಿ ಅದರ ಬಳಕೆಯನ್ನು ೧೭೮೦ರಲ್ಲಿ ಬೇರೊಬ್ಬನು ಪೇಟೆಂಟು ಮಾಡಿಸಿದ್ದನು. ಅದನ್ನು ತಪ್ಪಿಸಿಕೊಳ್ಳಲು ವಾಟನು ಮರುವರ್ಷ ಹೆಚ್ಚು ತೊಡಕಾದ ‘ಸೂರ್ಯ-ಗ್ರಹ’ ಹಲ್ಲುಚಕ್ರಗಳನ್ನು ಯೋಜಿಸಬೇಕಾಯಿತು.

೧೮೦೦ರಲ್ಲಿ ವಾಟನ ಹಕ್ಕು ಮುಗಿಯಿತು. ಕಾರ್ನ್‌ವಾಲ್ ಪ್ರಾಂತದ ಗಣಿಗಳ ಎಂಜಿನಿಯರುಗಳು ೧೮೧೧ರಿಂದ ಮಾಸಪತ್ರಿಕೆಯೊಂದರಲ್ಲಿ ತಮ್ಮ ತಮ್ಮ ಯಂತ್ರಗಳ ವಿವರಗಳನ್ನೂ, ಇಂತಿಷ್ಟು ಕಲ್ಲಿದ್ದಲಿನಿಂದ ಅವು ಮಾಡಿದ ಕೆಲಸದ ಲೆಕ್ಕವನ್ನೂ ಬಹಿರಂಗವಾಗಿ ಪ್ರಕಟಿಸತೊಡಗಿದರು. ಒಬ್ಬನ ಸುಧಾರಣೆಯನ್ನು ನೋಡಿ ಇನ್ನೊಬ್ಬನು ಕಲಿತನು. ಸುಮಾರು ಮೂವತ್ತು ವರ್ಷಗಳಲ್ಲಿ ಅಲ್ಲಿನ ಯಂತ್ರಗಳ ಸರಾಸರಿ ದಕ್ಷತೆಯು ಮೂರು ಪಟ್ಟಿನಷ್ಟಾಯಿತು. ವಾಟನ ಪೇಟೆಂಟು ಪ್ರಗತಿಯನ್ನು ಎಷ್ಟರಮಟ್ಟಿಗೆ ತಡೆಯಿತೆಂಬ ವಿಷಯದಲ್ಲಿ ಚರಿತ್ರಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆದರೆ ಒಂದು ಮಾತು ಸ್ಪಷ್ಟ: ಹೊಸತನವು ಒಡೆತನದಿಂದಲೂ ಹುಟ್ಟಬಲ್ಲುದು, ಹಂಚಿಕೆಯಿಂದಲೂ ಹುಟ್ಟಬಲ್ಲುದು.

ಗ್ರಂಥದಲ್ಲಿ ಯಾವುದು ಯಾರದು?

ಯಂತ್ರಕ್ಕೆ ಪೇಟೆಂಟು ಹೇಗೋ ಗ್ರಂಥಕ್ಕೆ ಕೃತಿಸ್ವಾಮ್ಯ ಹಾಗೆ. ಆದರೆ ಎರಡಕ್ಕೂ ಒಂದು ಮುಖ್ಯ ಭೇದವುಂಟು. ಕೃತಿಸ್ವಾಮ್ಯವು ವಿಚಾರವನ್ನು ರಕ್ಷಿಸುವುದಿಲ್ಲ, ಅದನ್ನು ಹೇಳಿದ ಮಾತಿನ ರೂಪವನ್ನು ಮಾತ್ರ ರಕ್ಷಿಸುತ್ತದೆ. ಮಹಾಭಾರತದ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಪಂಪನು ಹೇಳಿದನು, ಅವನ ಬಳಿಕ ರನ್ನನು ಹೇಳಿದನು, ಹದಿನೈದನೆಯ ಶತಮಾನದಲ್ಲಿ ಕುಮಾರವ್ಯಾಸನು ಹೇಳಿದನು. ಕಥೆಗೇ ಒಡೆಯನಿದ್ದು ಆತನು ಅನುಮತಿ ಕೊಡದೆ ಹೋಗಿದ್ದರೆ ಕನ್ನಡ ಸಾಹಿತ್ಯದಲ್ಲಿ ಏನು ಉಳಿಯುತ್ತಿದ್ದಿತು? ಕಥೆ ಎಲ್ಲರದು, ಪದ್ಯಗಳು ಅವರವರವು. ಈ ವಿವೇಕವನ್ನೇ ಇಂದಿನ ಕಾನೂನು ಪಾಲಿಸುತ್ತದೆ. ಯಕ್ಷಗಾನವು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಶಿವರಾಮ ಕಾರಂತರು ತಮ್ಮ ಪ್ರತಿಭೆಯಿಂದ ಹೊಸದಾಗಿ ಸಂಯೋಜಿಸಿದ ಯಕ್ಷಗಾನ ಬ್ಯಾಲೆಗಳನ್ನು ಕುರಿತ ಮೊಕದ್ದಮೆಯೊಂದರಲ್ಲಿ, ಅಂಥ ರಚನೆಯು ನಾಟ್ಯಕೃತಿಯಾದುದರಿಂದ ಅದಕ್ಕೆ ಕೃತಿಸ್ವಾಮ್ಯವುಂಟೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಹೇಳಿತು.

ಮಾತಿನ ರೂಪವಾದರೂ ಹೊಲದಂತೆ ಶಾಶ್ವತವಾದ ಆಸ್ತಿಯೆ? ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ನೇರವಾಗಿಯೇ ಎದ್ದಿತು. ಗ್ರಂಥಕರ್ತನಿಗೆ ೧೪ ವರ್ಷ, ಆಗಲೂ ಆತನು ಬದುಕಿದ್ದರೆ ಇನ್ನೂ ೧೪ ವರ್ಷ, ಹಕ್ಕು ಕೊಡುವ ಕಾನೂನು ಅಲ್ಲಿ ೧೭೧೦ರಲ್ಲಿ ಜಾರಿಗೆ ಬಂದಿದ್ದಿತು. ಲಂಡನ್ನಿನ ಪುಸ್ತಕ ವ್ಯಾಪಾರಿಗಳಿಗೆ ಇದು ಸಾಲದಾಯಿತು. ಗ್ರಂಥಕರ್ತನ ದುಡಿಮೆಯಿಂದ ಹುಟ್ಟಿದ ಆಸ್ತಿ ಎಂದೆಂದಿಗೂ ಆಸ್ತಿಯೇ, ಅದನ್ನು ನಾವು ಕೊಂಡಿದ್ದೇವೆ, ಎಂದು ಅವರು ವಾದಿಸಿದರು. ಜೇಮ್ಸ್ ಥಾಮ್ಸನ್ ಕವಿಯು ೧೭೪೮ರಲ್ಲಿ ತೀರಿಕೊಂಡಿದ್ದನು. ಋತುಗಳನ್ನು ಕುರಿತ ಅವನ ಕಾವ್ಯವನ್ನು ಎಡಿನ್‌ಬರೋ ನಗರದ ಡೊನಾಲ್ಡ್‌ಸನ್ ಎಂಬವನು ಮುದ್ರಿಸಿ ಕಡಮೆ ಬೆಲೆಗೆ ಮಾರಿದಾಗ ವ್ಯಾಜ್ಯವು ಹೌಸ್ ಆಫ್ ಲಾರ್ಡ್ಸ್ ಸಭೆಯವರೆಗೆ ಹೋಯಿತು. ೧೭೭೪ರಲ್ಲಿ ತೀರ್ಪು ಡೊನಾಲ್ಡ್‌ಸನ್ನನ ಕಡೆಗಾಯಿತು: ಪ್ರಕಟವಾದ ಗ್ರಂಥದ ಮೇಲಿನ ಹಕ್ಕು ಕಾನೂನು ಕೊಟ್ಟಷ್ಟು ಕಾಲ ಮಾತ್ರ.

ಆದರೂ ಅವಧಿ ಮಾತ್ರ ಬೆಳೆಯುತ್ತಲೇ ಬಂದಿದೆ. ನಮ್ಮ ೧೯೫೭ರ ಕಾನೂನಿನಲ್ಲಿ ಅದು ಗ್ರಂಥಕರ್ತನ ಜೀವಮಾನ ಮತ್ತು ಅನಂತರದ ೫೦ ವರ್ಷ ಎಂದಿದ್ದಿತು. ೧೯೪೧ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ೧೯೯೧ರ ಕೊನೆಗೆ ಮುಗಿಯಬೇಕಾಗಿದ್ದಾಗ ಅವಧಿಯನ್ನು ೬೦ ವರ್ಷಗಳಿಗೆ ಏರಿಸಲಾಯಿತು. ಕೃತಿಸ್ವಾಮ್ಯವು ಬರಹಗಾರನಿಗೆ ಪ್ರೋತ್ಸಾಹವೆಂದು ಹೇಳುತ್ತೇವೆ. ತೀರಿಹೋದ ಕವಿಯನ್ನು ಇನ್ನೊಂದು ಕವಿತೆ ಬರೆಯುವಂತೆ ಪ್ರೋತ್ಸಾಹಿಸುವುದು ಸಾಧ್ಯವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ೧೯೯೭ರಲ್ಲಿ ನಿಧನರಾದ ಕಾರಂತರ ಗ್ರಂಥಗಳು ಈ ಲೆಕ್ಕದಂತೆ ಎಲ್ಲರವಾಗುವುದು ೨೦೫೮ರಲ್ಲಿ.

ವಿದ್ಯಾರ್ಥಿಗಳಿಗೆ ಹತ್ತಿರವಾದ ಇನ್ನೊಂದು ಪ್ರಕರಣವನ್ನೂ ಹೇಳಬೇಕು. ದೆಹಲಿ ವಿಶ್ವವಿದ್ಯಾಲಯದ ಆವರಣದ ನೆರಳಚ್ಚಿನ ಅಂಗಡಿಯೊಂದರಲ್ಲಿ, ಅಧ್ಯಾಪಕರು ಸೂಚಿಸಿದ ಅಧ್ಯಾಯಗಳನ್ನು ಹಲವು ಗ್ರಂಥಗಳಿಂದ ಆರಿಸಿ ಪ್ರತಿ ಮಾಡಿ ಮಾರುತ್ತಿದ್ದರು. ದೊಡ್ಡ ಪ್ರಕಾಶಕರು ೨೦೧೨ರಲ್ಲಿ ದಾವೆ ಹೂಡಿದರು. ಪಾಠದ ಪ್ರಯೋಜನಕ್ಕಾಗಿ ಪ್ರತಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆಯೆಂದೂ, ಕೃತಿಸ್ವಾಮ್ಯವು ದೈವದತ್ತವಾದ ಅಥವಾ ನಿಸರ್ಗಸಿದ್ಧವಾದ ಹಕ್ಕಲ್ಲವೆಂದೂ ದೆಹಲಿಯ ಉಚ್ಚ ನ್ಯಾಯಾಲಯವು ೨೦೧೬ರಲ್ಲಿ ಅಭಿಪ್ರಾಯಪಟ್ಟಿತು.

ಔಷಧದ ಬೆಲೆ

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗುವುದು ಔಷಧಗಳ ವಿಷಯದಲ್ಲಿ. ವಿಜ್ಞಾನಿಗಳಲ್ಲಿ ಪೇಟೆಂಟನ್ನೇ ಬಯಸದವರು ಅನೇಕರು. ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಬೇರ್ಪಡಿಸುವ ವಿಧಾನಕ್ಕೆ ಪೇಟೆಂಟು ಪಡೆಯಲಿಲ್ಲ. ಮುಂದೆ ೧೯೨೧ರಲ್ಲಿ ಪ್ರಯೋಗಕ್ಕೆ ಬೇಕಾದ ಒಂದು ಗ್ರಾಂ ರೇಡಿಯಮ್ಮನ್ನು ಕೊಳ್ಳುವ ಶಕ್ತಿ ಸ್ವತಃ ಮೇರಿ ಕ್ಯೂರಿಗೇ ಇರಲಿಲ್ಲ. ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರು ಕೂಡಿಸಿ ಅದನ್ನು ಕೊಡಿಸಿದರು. ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಇವರು ೧೯೨೩ರಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಬೇರೆ ಯಾರೂ ಅದರ ಮೇಲೆ ಏಕಸ್ವಾಮ್ಯ ಸ್ಥಾಪಿಸದಿರಲಿ, ಔಷಧದ ಗುಣಮಟ್ಟ ಕೆಡದಿರಲಿ ಎಂಬುದು ಉದ್ದೇಶ. ಇಲ್ಲಿ ಪೇಟೆಂಟು ಜನರ ರಕ್ಷಣೆಗೆ ಗುರಾಣಿಯಾಯಿತು.

ಎಲ್ಲ ಔಷಧಗಳೂ ಹೀಗೆ ಹುಟ್ಟುವುದಿಲ್ಲ. ಪರೀಕ್ಷೆಗೆ ಒಳಗಾದ ರಾಸಾಯನಿಕಗಳಲ್ಲಿ ಬಹುಪಾಲು ಮಧ್ಯದಲ್ಲಿಯೇ ಬಿದ್ದುಹೋಗುತ್ತವೆ; ಗೆದ್ದುದರ ಲಾಭದಿಂದ ಸೋತವುಗಳ ವೆಚ್ಚವನ್ನೂ ತುಂಬಬೇಕು. ಆದರೆ ಗೆದ್ದ ಔಷಧದ ರಚನೆ ತಿಳಿದ ಮೇಲೆ ನಿಪುಣ ರಸಾಯನಜ್ಞನು ಅದನ್ನು ಅಲ್ಪ ವೆಚ್ಚದಲ್ಲಿ ತಯಾರಿಸಬಲ್ಲನು. ಕಂಪನಿಗಳ ವಾದದಲ್ಲಿ ಇಷ್ಟು ಸತ್ಯವುಂಟು.

ನಮ್ಮ ದೇಶವು ೧೯೭೦ರ ಕಾನೂನಿನಲ್ಲಿ ಬೇರೆಯ ದಾರಿ ಹಿಡಿಯಿತು. ಔಷಧಕ್ಕೆ ಪೇಟೆಂಟಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು, ಅದೂ ಹೆಚ್ಚೆಂದರೆ ಏಳು ವರ್ಷ. ಬೆಲ್ಲವನ್ನು ಕಬ್ಬಿನಿಂದಲೂ ಮಾಡಬಹುದು, ತಾಳೆಯ ರಸದಿಂದಲೂ ಮಾಡಬಹುದು. ವಿಧಾನಕ್ಕೆ ಮಾತ್ರ ಪೇಟೆಂಟಿದ್ದರೆ ಬೇರೆ ದಾರಿಯಲ್ಲಿ ಬೆಲ್ಲ ಮಾಡಲು ಅಡ್ಡಿಯಿಲ್ಲ. ಬೆಲ್ಲಕ್ಕೇ ಪೇಟೆಂಟಿದ್ದರೆ ಎಲ್ಲ ದಾರಿಗಳೂ ಮುಚ್ಚುತ್ತವೆ. ತೆರೆದಿದ್ದ ಈ ದಾರಿಯಿಂದ ಭಾರತದಲ್ಲಿ ಔಷಧ ಕೈಗಾರಿಕೆಯು ಬೆಳೆಯಿತು. ಏಡ್ಸ್ ರೋಗಕ್ಕೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಗೆ ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ತಗಲುತ್ತಿದ್ದ ಕಾಲದಲ್ಲಿ, ೨೦೦೧ರಲ್ಲಿ, ಮುಂಬಯಿಯ ಸಿಪ್ಲಾ ಕಂಪನಿಯು ಅದನ್ನು ವರ್ಷಕ್ಕೆ ೩೫೦ ಡಾಲರಿಗೆ ಒದಗಿಸಲು ಮುಂದೆ ಬಂದಿತು. ಆಫ್ರಿಕದ ಬಡ ರೋಗಿಗಳಿಗೂ ಚಿಕಿತ್ಸೆ ಸಾಧ್ಯವೆಂಬುದು ಜಗತ್ತಿಗೆ ಮನವರಿಕೆಯಾಯಿತು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ೨೦೦೫ರಿಂದ ನಮ್ಮಲ್ಲಿಯೂ ಔಷಧಕ್ಕೇ ಪೇಟೆಂಟು ಕೊಡಬೇಕಾಯಿತು. ಆದರೆ ಕಾನೂನಿನಲ್ಲಿ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು, ತಿಳಿದ ಪದಾರ್ಥದ ಹೊಸ ರೂಪವು ಹೆಚ್ಚಿನ ಪರಿಣಾಮವನ್ನು ತೋರದಿದ್ದರೆ ಅದು ಹೊಸತಲ್ಲ. ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಔಷಧದ ಒಂದು ಸ್ಫಟಿಕರೂಪಕ್ಕೆ ನೊವಾರ್ಟಿಸ್ ಕಂಪನಿಯು ಕೇಳಿದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ನಿರಾಕರಿಸಿದುದು ಈ ಆಧಾರದ ಮೇಲೆಯೇ. ಎರಡನೆಯದು, ಔಷಧವು ಜನರ ಕೈಗೆ ಎಟುಕದಷ್ಟು ದುಬಾರಿಯಾದರೆ ಬೇರೆಯವರಿಗೆ ತಯಾರಿಸಲು ಸರ್ಕಾರವು ಕಡ್ಡಾಯ ಪರವಾನಗಿ ಕೊಡಬಹುದು. ಯಕೃತ್ತಿನ ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಬೇಯರ್ ಕಂಪನಿಯು ಮಾರುತ್ತಿದ್ದ ಔಷಧದ ಬೆಲೆ ತಿಂಗಳಿಗೆ ೨,೮೦,೪೨೮ ರೂಪಾಯಿ ಇದ್ದಿತು. ೨೦೧೨ರಲ್ಲಿ ಪರವಾನಗಿ ಪಡೆದ ಭಾರತೀಯ ಕಂಪನಿಯು ಅದನ್ನು ೮,೮೮೦ ರೂಪಾಯಿ ಮೀರದಂತೆ ಮಾರಬೇಕೆಂದೂ, ಪೇಟೆಂಟಿನ ಒಡೆಯರಿಗೆ ಗೌರವಧನ ಸಲ್ಲಿಸಬೇಕೆಂದೂ ಆಜ್ಞೆಯಾಯಿತು.

ಪೇಟೆಂಟಿಗೆ ಇನ್ನೊಂದು ಮಿತಿಯೂ ಉಂಟು. ಅದು ಹಣ ತೆರಬಲ್ಲವನ ರೋಗದ ಕಡೆಗೆ ಸಂಶೋಧನೆಯನ್ನು ಎಳೆಯುತ್ತದೆ. ಬಡವರನ್ನೇ ಹೆಚ್ಚಾಗಿ ಕಾಡುವ ಕ್ಷಯರೋಗಕ್ಕೆ ೨೦೧೨ರಲ್ಲಿ ಬೆಡಾಕ್ವಿಲಿನ್ ಮಂಜೂರಾಗುವ ಮುನ್ನ ಸುಮಾರು ನಲವತ್ತು ವರ್ಷಗಳವರೆಗೆ ಹೊಸ ಬಗೆಯ ಔಷಧವೇ ಬಂದಿರಲಿಲ್ಲ. ಪೇಟೆಂಟಿನ ಆಸೆ ಇದ್ದರೂ ಕೊಳ್ಳುವವನಲ್ಲಿ ಹಣವಿಲ್ಲದ ಕಡೆ ಅದು ಕೆಲಸಕ್ಕೆ ಬರುವುದಿಲ್ಲ. ಅಂಥ ಕಡೆ ಸಾರ್ವಜನಿಕ ಹಣದಿಂದಲೇ ಸಂಶೋಧನೆ ನಡೆಯಬೇಕು.

ಗುತ್ತಿಗೆಯೇ ಹೊರತು ಆಸ್ತಿಯಲ್ಲ

ಇಷ್ಟನ್ನು ಪರ್ಯಾಲೋಚಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಹೀಗೆ ಹೇಳಬಹುದು. ವಿಚಾರವು ಹೊಲದಂತೆ ಸ್ವತ್ತಲ್ಲ. ಹಂಚಿದರೆ ಕಡಮೆಯಾಗದ ವಸ್ತುವಿಗೆ ಬೇಲಿ ಹಾಕಲು ಕಲಹ ನಿವಾರಣೆಯ ಕಾರಣವು ಸಾಲದು. ಶೋಧಕನೂ ಕವಿಯೂ ಪಡೆಯುವ ಹಕ್ಕನ್ನು ಗುತ್ತಿಗೆಗೆ ಹೋಲಿಸುವುದು ಸರಿಯಾದುದು. ಊರಿನ ಕೆರೆಯ ಮೀನನ್ನು ಹಿಡಿಯುವ ಗುತ್ತಿಗೆಯನ್ನು ಒಬ್ಬನಿಗೆ ಇಂತಿಷ್ಟು ವರ್ಷಕ್ಕೆ, ಇಂಥಿಂಥ ಕರಾರುಗಳ ಮೇಲೆ ಕೊಡುವುದುಂಟು. ಅದರಿಂದ ಕೆರೆ ಅವನದಾಗುವುದಿಲ್ಲ. ಊರಿನವರು ಕುಡಿಯುವ ನೀರಿಗೆ ಅವನು ಅಡ್ಡಬರುವಂತಿಲ್ಲ. ಕರಾರು ಮೀರಿದರೆ, ಅವಧಿ ತೀರಿದರೆ, ಹಕ್ಕು ಊರಿಗೇ ಹಿಂದಿರುಗುತ್ತದೆ.

‘ಸ್ವತ್ತು’ ಎಂಬ ಮಾತಿನಲ್ಲಿರುವ ತೊಡಕು ಇದೇ. ಸ್ವತ್ತು ಎಂದೊಡನೆ ನಕಲು ಮಾಡಿದವನೆಲ್ಲ ಕಳ್ಳನಾಗಿ ಕಾಣುತ್ತಾನೆ, ಅವಧಿಯ ಪ್ರಶ್ನೆ ಮರೆಯಾಗುತ್ತದೆ. ಗುತ್ತಿಗೆ ಎಂದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಮುಂದೆ ಬರುತ್ತವೆ: ಕೊಟ್ಟ ವಸ್ತು ನಿಜವಾಗಿ ಹೊಸದೆ? ಗುಟ್ಟನ್ನು ಪೂರ್ತಿಯಾಗಿ ಬಿಚ್ಚಿ ಹೇಳಿದೆಯೆ? ದುಡಿದವನಿಗೆ ತಕ್ಕ ಪ್ರತಿಫಲ ದೊರೆಯಲು ಎಷ್ಟು ವರ್ಷ ಬೇಕು? ಆ ವರ್ಷಗಳಲ್ಲಿ ಬೆಲೆ ತೆರಲಾರದವನ ಗತಿಯೇನು?

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಔಷಧವನ್ನೋ ಯಂತ್ರವನ್ನೋ ಕಂಡುಹಿಡಿಯಬಹುದು, ಗ್ರಂಥವನ್ನು ಬರೆಯಬಹುದು. ತಮ್ಮ ದುಡಿಮೆಗೆ ಪ್ರತಿಫಲವನ್ನು ಕೇಳುವ ಹಕ್ಕು ಅವರಿಗೆ ನಿಶ್ಚಯವಾಗಿಯೂ ಉಂಟು. ಆದರೆ ಅಂಥ ಶೋಧಕ್ಕೆ ಬೇಕಾದ ಗಣಿತ, ರಸಾಯನಶಾಸ್ತ್ರ, ಭಾಷೆ ಇವೆಲ್ಲವೂ ಹಿಂದಿನವರಿಂದ ಬಾಡಿಗೆಯಿಲ್ಲದೆ ಬಂದುವು. ಹಾಗೆ ಬಂದುದಕ್ಕೆ ತಾವು ಕೂಡಿಸಿದಷ್ಟನ್ನು, ತಕ್ಕ ಕಾಲದಲ್ಲಿ, ಮುಂದಿನವರಿಗೂ ಅದೇ ರೀತಿಯಲ್ಲಿ ಬಿಟ್ಟುಕೊಡುವುದೇ ಈ ಒಪ್ಪಂದದಲ್ಲಿ ಅವರ ಪಾಲಿನ ಕರ್ತವ್ಯ.